ಪರದೇಶಿಗಳ ವಕೀಲರು

ಕನ್ನಡದಲ್ಲಿ 'ಪರದೇಶಿ' ಅನ್ನೋ ಮಾತಿಗೆ ಎರಡು ಅರ್ಥ. ಬೇರೆ ದೇಶದವನು ಅನ್ನೋದು ಒಂದು. ದಿಕ್ಕಿಲ್ಲದವನು, ಹೇಳೋರು ಕೇಳೋರು ಇಲ್ಲದವನು ಅನ್ನೋದು ಇನ್ನೊಂದು. ನಮ್ಮ ಹಳ್ಳಿಗಳಲ್ಲಿ ಎರಡನೆಯ ಅರ್ಥವೇ ಹೆಚ್ಚು ಚಲಾವಣೆ. ಹುಟ್ಟಿದ ಊರಿನಲ್ಲೇ ಇದ್ದು, ಆ ಊರಿನ ಗದ್ದೆಯಲ್ಲೇ ಬೆನ್ನು ಬಗ್ಗಿಸಿ ದುಡಿದು, ಕೊನೆಗೆ ಪರದೇಶಿಯಾಗಿ ಸತ್ತವರು ನಮ್ಮ ಕೇರಿಗಳಲ್ಲಿ ಎಷ್ಟು ಜನ ಬೇಕು? ರಾಜರ ವಂಶಾವಳಿ ಬರೆದವರಿಗೆ ಲೆಕ್ಕವಿಲ್ಲ. ಪರದೇಶಿಯ ಪರವಾಗಿ ಕೋರ್ಟಿನ ಕಟ್ಟೆ ಹತ್ತಿದವರು ಯಾರು, ಯಾವ ಮನೆಯಿಂದ ಬಂದರು, ಏನು ವಾದ ಮಾಡಿದರು, ಆಮೇಲೆ ಏನಾದರು ಅಂತ ಬರೆದವರು ಮಾತ್ರ ಕಡಿಮೆ. ಎರಡೂ ಅರ್ಥದ ಪರದೇಶಿಗಳ ವಕೀಲರನ್ನು ಒಟ್ಟಿಗೆ ಇಟ್ಟು ನೋಡಬೇಕು ಅನ್ನುವುದು ನಮ್ಮ ಯತ್ನ. ಯಾಕೆ ಅಂದರೆ, ದೇಶದಿಂದ ಗಡೀಪಾರು ಮಾಡುವ ಕಾನೂನಿಗೂ ಗದ್ದೆಯಿಂದ ಒಕ್ಕಲೆಬ್ಬಿಸುವ ಕಾನೂನಿಗೂ ಕೇಳುವ ಪ್ರಶ್ನೆ ಒಂದೇ: ಎಲ್ಲಿ ನಿನ್ನ ಕಾಗದ?

ಸೊರಬ ತಾಲೂಕಿನ ಗುಡವಿಯಲ್ಲಿ ಒಂದು ಕೆರೆ ಇದೆ. ಮಳೆಗಾಲ ಹಿಡಿದರೆ ಸಾಕು, ದೂರದಿಂದ ಕೊಕ್ಕರೆಗಳು, ನೀರುಕಾಗೆಗಳು ಬಂದು ಮರ ತುಂಬ ಗೂಡು ಕಟ್ಟುತ್ತವೆ, ಮರಿ ಮಾಡಿಕೊಂಡು ಹೋಗುತ್ತವೆ. ಸರ್ಕಾರ ಪಕ್ಷಿಧಾಮ ಅಂತ ಬೋರ್ಡು ಹಾಕಿ ಕಾವಲು ಇಟ್ಟಿದೆ. ಒಳ್ಳೆಯದೇ. ಹಕ್ಕಿಯ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಇದೇ ಸೊರಬ, ಸಾಗರ, ಶಿಕಾರಿಪುರಗಳ ಕಾಡಂಚಿನಲ್ಲಿ ಸೋಗೆ ಹೊದಿಸಿಕೊಂಡು ಕೂತ ಮನುಷ್ಯರ ಕೈಗೆ ಬರುವುದು ನೋಟೀಸು. ಆ ನೋಟೀಸು ಹಿಡಿದು ಅವನು ಯಾರ ಮನೆ ಬಾಗಿಲಿಗೆ ಹೋದ ಅನ್ನುವಲ್ಲಿಗೆ ಬರಬೇಕಾದರೆ ಮೊದಲು ಸಮುದ್ರದಾಚೆ ಒಮ್ಮೆ ಹೋಗಿ ಬರಬೇಕು. ವಲಸೆಗಾರರ ವಕೀಲಿ ಅನ್ನೋ ಕಸುಬು ಹುಟ್ಟಿದ್ದು ಅಲ್ಲಿ, ಅದೂ ನಮ್ಮವರ ಬೆವರಿನ ಮೇಲೆ.

1860ರ ನವೆಂಬರ್ 16ರಂದು ಮದ್ರಾಸಿನಿಂದ ಹೊರಟ ಟ್ರುರೊ ಎಂಬ ಹಡಗು ದಕ್ಷಿಣ ಆಫ್ರಿಕದ ಡರ್ಬನ್ ಮುಟ್ಟಿತು. ಕಬ್ಬಿನ ತೋಟಕ್ಕೆ ಕರಾರಿನ ಮೇಲೆ ಹೋದ ಕೂಲಿಗಳು. 1911ರ ಹೊತ್ತಿಗೆ ಇಂಥವರು ಸುಮಾರು 1,52,000 ಜನ. ಹಡಗಿನ ಪಟ್ಟಿಯಲ್ಲಿ ಹೆಸರಿನ ಮುಂದೆ ಜಾತಿ ಬರೆಯುತ್ತಿದ್ದರು. ಹೊಲಗೇರಿಯಿಂದ ಹೋದವರು ಅದರಲ್ಲಿ ಕಡಿಮೆಯೇನಲ್ಲ. ಇವರು ಕರಾರು ಮುಗಿಸಿ ಅಲ್ಲೇ ಉಳಿಯಬಾರದು ಅಂತ 1895ರಲ್ಲಿ ತಲೆಗೆ ಮೂರು ಪೌಂಡಿನ ತೆರಿಗೆ ಹಾಕಿದರು. 1897ರಲ್ಲಿ ನಟಾಲ್ ಸರ್ಕಾರ ವಲಸೆ ಕಾನೂನು ತಂದು, ಯೂರೋಪಿನ ಯಾವುದಾದರೊಂದು ಭಾಷೆಯಲ್ಲಿ ಬರೆಯಲು ಬಾರದವನು ಒಳಗೆ ಬರಕೂಡದು ಅಂದಿತು. ಬಣ್ಣದ ಹೆಸರು ಕಾನೂನಿನಲ್ಲಿಲ್ಲ, ಅಕ್ಷರದ ಹೆಸರಿದೆ. ಈ ಚಮತ್ಕಾರ ನಮಗೆ ಹೊಸದೇ?

ಅಲ್ಲಿ ಇವರ ವಕೀಲನಾಗಿ ನಿಂತವರು ಪೋರಬಂದರಿನ ದಿವಾನರ ಮಗ ಗಾಂಧಿ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದು, ಬೊಂಬಾಯಿಯಲ್ಲಿ ಕಸುಬು ಹತ್ತದೆ, 1893ರಲ್ಲಿ ದಾದಾ ಅಬ್ದುಲ್ಲಾ ಅನ್ನೋ ಸಾಹುಕಾರರ ಕಂಪನಿಯ ಕೇಸಿಗೆ 105 ಪೌಂಡಿನ ಲೆಕ್ಕಕ್ಕೆ ಹೋದವರು. ಅಂದರೆ ಮೊದಲ ಕಕ್ಷಿದಾರ ವ್ಯಾಪಾರಿ, ಕೂಲಿಯಲ್ಲ. ಬಾಲಸುಂದರಂ ಅನ್ನೋ ತಮಿಳು ಕೂಲಿ, ಧಣಿ ಹೊಡೆದು ಹಲ್ಲು ಮುರಿದ ಬಾಯಲ್ಲಿ ರಕ್ತ ಸುರಿಸಿಕೊಂಡು ಕಚೇರಿಗೆ ಬಂದ ಮೇಲೆ ಆ ವಕೀಲಿಯ ದಿಕ್ಕು ಬೇರೆಯಾಯಿತು. ಇದನ್ನು ಎಲ್ಲ ಪಾಠಪುಸ್ತಕಗಳೂ ಹೇಳುತ್ತವೆ. ಅದೇ ಗಾಂಧಿ ಆ ವರ್ಷಗಳ ಅರ್ಜಿಗಳಲ್ಲಿ, ನಮ್ಮನ್ನು ಇಲ್ಲಿನ ಕರಿಯರ ಸಾಲಿಗೆ ಸೇರಿಸಬೇಡಿ ಎಂದು ಬರೆದದ್ದನ್ನು ಪಾಠಪುಸ್ತಕಗಳು ಹೇಳುವುದಿಲ್ಲ. ವಕೀಲನ ಬಾಯಿಂದ ಕಕ್ಷಿದಾರನ ನೋವೂ ಬರುತ್ತದೆ, ವಕೀಲನ ಮನೆಯ ಸಂಸ್ಕಾರವೂ ಬರುತ್ತದೆ. ಜೈಲಿಗೆ ಹೋದದ್ದಕ್ಕೆ 1922ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ಅವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತು. ಮತ್ತೆ ಬರೆದದ್ದು 1988ರಲ್ಲಿ, ಸತ್ತು ನಲವತ್ತು ವರ್ಷದ ಮೇಲೆ.

ಅಮೆರಿಕದ ಕಡೆ ಹೋದವರ ಕಥೆ ನಮಗೆ ಇದಕ್ಕಿಂತ ಹೆಚ್ಚು ಪಾಠ ಹೇಳುತ್ತದೆ. ಸ್ವಲ್ಪ ನಿಧಾನವಾಗಿ ನೋಡೋಣ.

ಆಗ ಆ ದೇಶದಲ್ಲಿ ಹೊರಗಿನಿಂದ ಬಂದವನು ಪೌರನಾಗಬೇಕಾದರೆ ಬಿಳಿಯನಾಗಿರಬೇಕು, ಇಲ್ಲ ಆಫ್ರಿಕ ಮೂಲದವನಾಗಿರಬೇಕು. ಇಂಡಿಯಾದವನು ಯಾವ ಕಡೆ? ಅಕ್ಷಯಕುಮಾರ ಮಜುಂದಾರ್ ಅನ್ನೋ ಬಂಗಾಳಿ 1913ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಊರಿನ ಕೋರ್ಟಿನಲ್ಲಿ ಉತ್ತರ ಕೊಟ್ಟರು: ನಾನು ಮೇಲ್ಜಾತಿಯ ಹಿಂದು, ಶುದ್ಧ ಆರ್ಯ ರಕ್ತದವನು, ಆದ್ದರಿಂದ ಬಿಳಿಯ. ಅಲ್ಲಿ ಗರಗಸದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ಸಿಖ್ಖರನ್ನು ತೋರಿಸಿ, ಅವರದು ಬೆರಕೆ ರಕ್ತ, ನನ್ನದು ಹಾಗಲ್ಲ ಅಂದರು. ಕೋರ್ಟು ಒಪ್ಪಿತು. ಪೌರತ್ವ ಸಿಕ್ಕಿತು. ನೋಡಿ, ಮನುವಿನ ಚೀಟಿ ಹೇಗೆ ಸಮುದ್ರ ದಾಟಿ ಚಲಾವಣೆಯಾಯಿತು!

ಅದೇ ದಾರಿ ಹಿಡಿದವರು ಅಹಮದಾಬಾದಿನ ಬ್ರಾಹ್ಮಣರ ಮನೆಯ ಸಖಾರಾಮ್ ಗಣೇಶ ಪಂಡಿತ್. 1914ರಲ್ಲಿ ಅಮೆರಿಕದ ಪೌರರಾದರು, 1917ರಲ್ಲಿ ಕ್ಯಾಲಿಫೋರ್ನಿಯದಲ್ಲಿ ವಕೀಲರಾದರು, ಬಿಳಿಯ ಹೆಂಗಸನ್ನು ಮದುವೆಯಾದರು. ಆ ದೇಶದಲ್ಲಿ ಇಂಡಿಯಾದವರಿಗೆ ವಲಸೆ ವಕೀಲ ಅಂತ ಮೊದಲಿಗೆ ಯಾರನ್ನಾದರೂ ಹೇಳುವುದಾದರೆ ಇವರನ್ನೇ ಹೇಳಬೇಕು.

ಆಮೇಲೆ ಬಂತು ಭಗತ್ ಸಿಂಗ್ ಥಿಂದ್ ಕೇಸು. ಥಿಂದ್ ಪಂಜಾಬಿನವರು, ಸಿಖ್ಖರು, 1918ರಲ್ಲಿ ಅಮೆರಿಕದ ಸೈನ್ಯದಲ್ಲಿ ಕೆಲಸ ಮಾಡಿದವರು. ಸುಪ್ರೀಂ ಕೋರ್ಟಿನಲ್ಲಿ ಅವರ ಪರ ನಿಂತವರು ಬಿಳಿಯ ವಕೀಲರು. ಆದರೆ ವಾದ ಮಾತ್ರ ನಮ್ಮ ಅಗ್ರಹಾರದ್ದು: ಮೇಲ್ಜಾತಿಯವರು ಕೀಳುಜಾತಿಯವರ ಜೊತೆ ರಕ್ತ ಬೆರೆಸುವುದಿಲ್ಲ; ಮದುವೆಯ ವಿಷಯಕ್ಕೆ ಬಂದರೆ ಬಿಳಿಯ ಅಮೆರಿಕನ್ನು ನೀಗ್ರೋನನ್ನು ಹೇಗೆ ಕಾಣುತ್ತಾನೋ ಮೇಲ್ಜಾತಿಯ ಹಿಂದು ತನ್ನ ನೆಲದ ಮೂಲನಿವಾಸಿಯನ್ನು ಹಾಗೇ ಕಾಣುತ್ತಾನೆ. ಅಂದರೆ ಅಸ್ಪೃಶ್ಯತೆಯೇ ಅರ್ಹತೆ. ನಾವು ನಮ್ಮ ಬಡವರನ್ನು ಮುಟ್ಟುವುದಿಲ್ಲ, ಆದ್ದರಿಂದ ನಾವೂ ನಿಮ್ಮವರು! ಕೋರ್ಟು ತನ್ನ ಮುಂದಿಟ್ಟುಕೊಂಡ ಪ್ರಶ್ನೆಯಲ್ಲೇ 'ಮೇಲ್ಜಾತಿಯ ಹಿಂದು' ಅನ್ನೋ ಮಾತು ಇತ್ತು.

1923ರ ಫೆಬ್ರವರಿ 19ರಂದು ತೀರ್ಪು ಬಂತು. ಆರ್ಯ ಗೀರ್ಯ ಎಲ್ಲ ಪಂಡಿತರ ಮಾತು, ಸಾಮಾನ್ಯ ಬಿಳಿಯ ಮನುಷ್ಯ ನಿಮ್ಮನ್ನು ಬಿಳಿಯರು ಅನ್ನುವುದಿಲ್ಲ, ಹೋಗಿ. ತೀರ್ಪು ಜನಾಂಗದ್ವೇಷದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೋತ ವಾದವೂ ದ್ವೇಷದ್ದೇ ಅನ್ನುವುದನ್ನು ಮೇಲ್ಜಾತಿಯ ಚರಿತ್ರೆಕಾರರು ಮೆಲ್ಲಗೆ ಹಾರಿಸಿಬಿಡುತ್ತಾರೆ. ತೀರ್ಪಿನ ಮೇಲೆ ಹತ್ತಾರು ಜನರ ಪೌರತ್ವ ಕಿತ್ತುಕೊಂಡರು. ಮಜುಂದಾರರದ್ದೂ ಹೋಯಿತು, ಅವರ ವಕೀಲರಾಗಿ ಪಂಡಿತರು ಹೋರಾಡಿ ಸೋತರು. ಸ್ಯಾನ್‌ಫ್ರಾನ್ಸಿಸ್ಕೋದ ವೈಷ್ಣೋದಾಸ್ ಬಗಾಯಿ ಅನ್ನೋ ಅಂಗಡಿಕಾರರು ಪೌರತ್ವ ಕಳೆದುಕೊಂಡು 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಕೊನೆಗೆ ಪಂಡಿತರ ಮೇಲೇ ಕೇಸು ಬಂತು. ಆಗ ಅವರು ಆರ್ಯ ರಕ್ತದ ಮೇಲೆ ನಿಲ್ಲಲಿಲ್ಲ. 1914ರಲ್ಲೇ ಕೋರ್ಟು ತೀರ್ಮಾನಿಸಿದೆ, ಸರ್ಕಾರ ಆಗ ಅಪೀಲು ಹೋಗಲಿಲ್ಲ, ಅದನ್ನು ನಂಬಿ ನಾನು ಕಸುಬು ಕಟ್ಟಿದೆ, ಸಂಸಾರ ಕಟ್ಟಿದೆ, ಈಗ ಹೇಗೆ ಕಿತ್ತುಕೊಳ್ಳುತ್ತೀರಿ ಎಂದು ಕೇಳಿದರು. 1926ರಲ್ಲಿ ಅಪೀಲು ಕೋರ್ಟಿನಲ್ಲಿ ಗೆದ್ದರು. ಮರುವರ್ಷ ಸುಪ್ರೀಂ ಕೋರ್ಟು ಸರ್ಕಾರದ ಅರ್ಜಿ ಎತ್ತಿಕೊಳ್ಳಲಿಲ್ಲ. ಜಾತಿಯ ಚೀಟಿ ಕೈಕೊಟ್ಟಿತು. ಇಷ್ಟು ವರ್ಷ ಇಲ್ಲಿ ಬಾಳಿದ್ದೇನೆ, ದುಡಿದಿದ್ದೇನೆ ಅನ್ನೋ ಮಾತು ಉಳಿಸಿತು. ಈ ಮಾತನ್ನು ಗಂಟು ಹಾಕಿಟ್ಟುಕೊಳ್ಳಿ, ಸೊರಬಕ್ಕೆ ಬಂದಾಗ ಬೇಕಾಗುತ್ತದೆ.

ಎಲ್ಲರೂ ಹೀಗೇ ಅಂತಲ್ಲ. 1914ರಲ್ಲಿ 376 ಜನರನ್ನು ಹೊತ್ತ ಕೊಮಗಾಟ ಮಾರು ಹಡಗನ್ನು ಕೆನಡದ ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ತಡೆದು ನಿಲ್ಲಿಸಿದಾಗ ಆ ಜನರ ಪರ ವಾದಿಸಿದವನು ಎಡ್ವರ್ಡ್ ಬರ್ಡ್ ಅನ್ನೋ ಬಿಳಿಯ ವಕೀಲ. ಅಲ್ಲಿನ ಸೋಷಲಿಸ್ಟರ ಕೇಸುಗಳನ್ನೂ ಹಿಡಿದವನು. ತನ್ನ ಕಕ್ಷಿದಾರರನ್ನು ಹಡಗಿಗೆ ಹೋಗಿ ನೋಡುವುದಕ್ಕೂ ಅಧಿಕಾರಿಗಳು ಅವನನ್ನು ಬಿಡಲಿಲ್ಲ. ಸೋತ. ಹಡಗು ತಿರುಗಿ ಬಂದು, ಕಲ್ಕತ್ತೆಯ ಹತ್ತಿರ ಬಜ್‌ಬಜ್‌ನಲ್ಲಿ ಸೆಪ್ಟೆಂಬರ್ 29ರಂದು ಬ್ರಿಟಿಷರ ಗುಂಡಿಗೆ ಜನ ಬಿದ್ದರು.

ಈ ಕೇಸುಗಳು ನಡೆಯುತ್ತಿದ್ದ ಕಾಲಕ್ಕೇ, 1913ರಿಂದ 1916ರ ತನಕ, ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಒಬ್ಬ ಮಹಾರ್ ಹುಡುಗ ಓದುತ್ತಿದ್ದರು. 1916ರ ಮೇ 9ರಂದು ಅವರು ಜಾತಿಯ ಬಗ್ಗೆ ಓದಿದ ಪ್ರಬಂಧದಲ್ಲಿ ಕೇತ್ಕರರ ಒಂದು ಮಾತು ಎತ್ತಿ ಹೇಳಿದರು: ಹಿಂದುಗಳು ಭೂಮಿಯ ಬೇರೆ ಕಡೆ ವಲಸೆ ಹೋದರೆ ಜಾತಿ ಲೋಕದ ಸಮಸ್ಯೆಯಾಗುತ್ತದೆ. ಅತ್ತ ಮಜುಂದಾರರು ಅದನ್ನು ಆಗಲೇ ಕೋರ್ಟಿನಲ್ಲಿ ಮಾಡಿ ತೋರಿಸಿದ್ದರು. ಥಿಂದ್ ತೀರ್ಪು ಬಂದು ನೂರು ವರ್ಷ ಎರಡು ದಿನಕ್ಕೆ, 2023ರ ಫೆಬ್ರವರಿ 21ರಂದು, ಅದೇ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಗಿ ಬಂತು. ಕಂಪ್ಯೂಟರ್ ಕಂಪನಿಗಳಿಗೆ ಹೋದ ನಮ್ಮ ವಿದ್ಯಾವಂತರು ವೀಸಾದ ಜೊತೆಗೆ ಇನ್ನೇನನ್ನು ಕಟ್ಟಿಕೊಂಡು ಹೋದರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

1923ರಲ್ಲೇ ಅಂಬೇಡ್ಕರ್ ಬೊಂಬಾಯಿಯಲ್ಲಿ ವಕೀಲಿ ಶುರುಮಾಡಿದರು. ಬ್ಯಾರಿಸ್ಟರಿಗೆ ಕೇಸು ಬರಬೇಕಾದ್ದು ಸಾಲಿಸಿಟರುಗಳ ಕೈಯಿಂದ. ಆ ಕೈಗಳು ಇವರನ್ನು ಮುಟ್ಟಲಿಲ್ಲ. ಡಿಗ್ರಿಗಳ ರಾಶಿ ಇದ್ದವರಿಗೇ ಕರಿಕೋಟಿನ ಒಳಗೂ ಜಾತಿ ಹುಡುಕಿಕೊಂಡು ಬಂತು. ಇಂಥವರೇ ಮುಂದೆ 1949ರ ಆಗಸ್ಟ್ 10ರಂದು ಸಂವಿಧಾನ ಸಭೆಯಲ್ಲಿ ಪೌರತ್ವದ ಕಲಮುಗಳನ್ನು ಮಂಡಿಸಿದರು. ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟ ಕಲಮು ಇನ್ನೊಂದೇ ಒಂದು ಇರಬಹುದು ಅಂದರು. ಸ್ವಂತ ಊರಿನ ಕೆರೆಯ ನೀರು ಮುಟ್ಟಲು ಹಕ್ಕಿಲ್ಲದ ಜನರಿಂದ ಬಂದವನು ಈ ದೇಶದ ಪೌರ ಯಾರು ಎಂದು ಬರೆದ.

ಇನ್ನು ನಮ್ಮ ಮಲೆನಾಡಿಗೆ ಬರೋಣ.

ಇಲ್ಲಿ ಪರದೇಶಿ ಅಂದರೆ ಗೇಣಿದಾರ. ಕಾಡು ಕಡಿದು ಗದ್ದೆ ಮಾಡಿದವನು ಅವನು. ಪಹಣಿಯಲ್ಲಿ ಹೆಸರು ಒಡೆಯನದು. ಗೇಣಿ ಮಾತಿನ ಮೇಲೆ ನಡೆಯುವುದು. ಚೀಟಿ ಕೇಳಿದರೆ ಎಬ್ಬಿಸುತ್ತಾರೆ, ಕೇಳದಿದ್ದರೆ ಸಾಕ್ಷಿಯಿಲ್ಲ. ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗವನ್ನೇ ದೊಡ್ಡದು ಮಾಡಿ ಕಾಳು ಕಸಿದಾಗ ದೀವರ ಗೇಣಿದಾರರು ತಿರುಗಿಬಿದ್ದರು. ಎಚ್. ಗಣಪತಿಯಪ್ಪನವರು ರೈತರ ಸಂಘ ಕಟ್ಟಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ. ಜೂನಿನಲ್ಲಿ ಲೋಹಿಯಾ ಬಂದು ಬಂಧನವಾದರು. ಶಾಂತವೇರಿ ಗೋಪಾಲಗೌಡರು ಅದೇ ಹೋರಾಟದ ಬಲದ ಮೇಲೆ 1952ರಲ್ಲಿ ವಿಧಾನಸಭೆಗೆ ಹೋದರು. ಇದು ಎಲ್ಲರಿಗೂ ಗೊತ್ತಿರುವುದು. ಅಷ್ಟಾಗಿ ಮಾತಾಡದ ವಿಷಯ ಒಂದಿದೆ. ಆ ಕಾಲದ ಕೋರ್ಟಿನ ಮಾತು ಇಂಗ್ಲಿಷು, ಕೋರ್ಟಿನ ಕಟ್ಟೆಯ ಮೇಲೆ ಕೂತವರು ಹೆಚ್ಚಾಗಿ ಜಮೀನಿದ್ದ ಮನೆಯವರು. ಗೇಣಿದಾರನ ಮಗ ಶಾಲೆಗೆ ಹೋಗಿ, ಕಾಲೇಜು ಹತ್ತಿ, ಕಾನೂನು ಓದಿ ಬರುವ ತನಕ ಗೇಣಿದಾರನಿಗೆ ತನ್ನ ಮನೆಯ ವಕೀಲ ಅಂತ ಇರಲಿಲ್ಲ.

ಹಾಗೆ ಓದಿ ಬಂದ ಮೊದಲ ತಲೆಮಾರಿನಲ್ಲಿ ಎರಡು ಹೆಸರು ಎದ್ದು ಕಾಣುತ್ತವೆ. ಒಂದು, ಕಾಗೋಡು ಹೆಸರನ್ನೇ ಮುಂದಿಟ್ಟುಕೊಂಡ ತಿಮ್ಮಪ್ಪನವರು, 1932ರಲ್ಲಿ ಹುಟ್ಟಿದವರು. ಇನ್ನೊಂದು, ಸೊರಬ ತಾಲೂಕಿನ ಆನವಟ್ಟಿ ಹತ್ತಿರದ ಕುಬಟೂರಿನ ಬಂಗಾರಪ್ಪನವರು, 1933ರಲ್ಲಿ ಹುಟ್ಟಿದವರು. ಇಬ್ಬರೂ ದೀವರು, ಇಬ್ಬರೂ ಕಾನೂನು ಓದಿದವರು, ಇಬ್ಬರೂ ಸೋಷಲಿಸ್ಟರ ಗರಡಿಯವರು. ಬಂಗಾರಪ್ಪ 1967ರಲ್ಲಿ ಸೊರಬದಿಂದ ಗೆದ್ದು 1990ರಲ್ಲಿ ಮುಖ್ಯಮಂತ್ರಿಯಾದರು. ತಿಮ್ಮಪ್ಪ 1972ರಲ್ಲಿ ಸಾಗರದಿಂದ ಗೆದ್ದು, ಬಹಳ ವರ್ಷದ ಮೇಲೆ ಸ್ಪೀಕರ್, ಕಂದಾಯ ಮಂತ್ರಿ ಆದರು. ಅವರ ರಾಜಕೀಯದ ಬಗ್ಗೆ ನಮ್ಮ ತಕರಾರುಗಳು ಏನೇ ಇರಲಿ, ಕರಿಕೋಟು ಗೇಣಿದಾರನ ಮನೆಯ ಗೂಟಕ್ಕೆ ನೇತುಬಿದ್ದದ್ದು ಸಣ್ಣ ಮಾತಲ್ಲ.

1974ರ ಮಾರ್ಚ್ 1ರಿಂದ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿ ಜಮೀನೆಲ್ಲ ಸರ್ಕಾರದ್ದು. ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ಹಳ್ಳಿಯ ಬಾಯಲ್ಲಿ ಅದು 'ಡಿಕ್ಲರೇಷನ್ ಹಾಕೋದು'. 1979ರ ಜೂನ್ 30ರ ತನಕ ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿ ಬಿದ್ದವು. ತೀರ್ಮಾನಿಸಲು ತಾಲೂಕಿಗೆ ಟ್ರಿಬ್ಯೂನಲ್: ಅಸಿಸ್ಟೆಂಟ್ ಕಮೀಷನರ್ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ಕು ಜನ, ಅದರಲ್ಲಿ ಒಬ್ಬರಾದರೂ ಪರಿಶಿಷ್ಟರು. ಆ ಕಾನೂನಿನ 48ನೇ ಕಲಮಿನ ಎಂಟನೇ ಉಪಕಲಮು ಒಂದೇ ಸಾಲು. ಟ್ರಿಬ್ಯೂನಲ್ ಮುಂದೆ ಯಾವ ವಕೀಲನೂ ಬರಕೂಡದು!

ಯೋಚನೆ ಮಾಡಿ. ಪರದೇಶಿಗೆ ವಕೀಲ ಬೇಕು ಅಂತ ನಾವು ಇಷ್ಟು ಹೊತ್ತು ಹೇಳಿದೆವು. ಇಲ್ಲಿ ಕಾನೂನೇ ವಕೀಲನನ್ನು ಹೊರಗಿಟ್ಟು ಪರದೇಶಿಯನ್ನು ಕಾಯಲು ನೋಡಿತು. ವಕೀಲ ಬಂದರೆ ಯಾರ ವಕೀಲ ಬರುತ್ತಾನೆ? ಒಡೆಯನದು. ದುಡ್ಡು ಯಾರ ಹತ್ತಿರ ಇದೆಯೋ ಅವರದು. ವಕೀಲನಿಲ್ಲದ ಕಡೆ ಉಳುವವನು ನೆರೆಹೊರೆಯವರನ್ನು ಕರೆದುಕೊಂಡು ಬಂದು, ಈ ಗದ್ದೆ ಉತ್ತವನು ಇವನೇ ಸ್ವಾಮಿ, ಅಂತ ಕನ್ನಡದಲ್ಲೇ ಹೇಳಬಹುದು. ಇಷ್ಟು ವರ್ಷ ಇಲ್ಲಿ ದುಡಿದಿದ್ದೇನೆ ಅನ್ನೋ ಮಾತೇ ಅಲ್ಲಿ ಕಾಗದ. ಸಿರಿವಂತರು ಸುಮ್ಮನಿರಲಿಲ್ಲ. ಟ್ರಿಬ್ಯೂನಲ್ಲಿನ ತೀರ್ಪಿನ ಮೇಲೆ ರಿಟ್ ಹಾಕಿ ಬೆಂಗಳೂರಿನ ಹೈಕೋರ್ಟಿಗೆ ಎಳೆದರು. ಅಲ್ಲಿ ಕರಿಕೋಟುಗಳದ್ದೇ ರಾಜ್ಯ. 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಆ ಉಪಕಲಮನ್ನೇ ಹೊಡೆದುಹಾಕಿತು. ವಕೀಲರು ಎಲ್ಲಿ ವಾದ ಮಾಡಬಹುದು ಅನ್ನೋದಕ್ಕೆ ಪಾರ್ಲಿಮೆಂಟಿನ ಕಾನೂನಿದೆ, ರಾಜ್ಯ ಅದಕ್ಕೆ ಅಡ್ಡ ಬರಕೂಡದು ಅಂತ. ಕಾನೂನಿನ ಲೆಕ್ಕದಲ್ಲಿ ಸರಿ ಇರಬಹುದು. ಯಾವ ಕಡೆಯ ಕಿಸೆಯಲ್ಲಿ ಫೀಸು ಇತ್ತು ಅನ್ನೋದು ಆ ಲೆಕ್ಕದಲ್ಲಿಲ್ಲ.

ಇದಕ್ಕಿಂತ ಕಹಿಯಾದ ಮಾತು ಇನ್ನೂ ಇದೆ. ಗೇಣಿದಾರನಿಗೆ ಡಿಕ್ಲರೇಷನ್ ಇತ್ತು. ಅವನ ಗದ್ದೆಯಲ್ಲೇ, ಒಡೆಯನ ತೋಟದಲ್ಲೇ ದುಡಿದ ಜೀತದಾಳಿಗೆ, ಕೂಲಿಯವಳಿಗೆ, ಯಾವ ನಮೂನೆ ಇತ್ತು? ಹೊಲೆಯರು, ಮಾದಿಗರು ಬಹುಪಾಲು ಗೇಣಿದಾರರಲ್ಲ, ಆಳುಗಳು. ಗೇಣಿ ಕೊಡುವಷ್ಟು ನೆಲವನ್ನೂ ಅವರ ಕೈಗೆ ಕೊಟ್ಟಿರಲಿಲ್ಲ. 'ಉಳುವವನೇ ಹೊಲದೊಡೆಯ' ಅಂದಾಗ ನೇಗಿಲು ಹಿಡಿದವನು ಬೇರೆ, ಅರ್ಜಿ ಹಾಕಿದವನು ಬೇರೆ. ಗೇಣಿದಾರನ ಮಗ ವಕೀಲನಾಗಿ ಬಂದ. ಆಳಿನ ಮಗ ಆಗಿನ್ನೂ ಹಾಸ್ಟೆಲಿನ ಸೀಟಿಗೆ ಅಲೆಯುತ್ತಿದ್ದ. ದಲಿತರ ಮನೆಯಿಂದ ವಕೀಲರಾಗಿ ಮಂತ್ರಿಯಾದ ಬಿ. ಬಸವಲಿಂಗಪ್ಪನವರ ಮೇಲೆ 1973ರಲ್ಲಿ ಒಂದು ಮಾತಿಗೆ ಹೇಗೆ ಮುಗಿಬಿದ್ದರು ಅನ್ನೋದನ್ನು ಬೂಸಾ ಗಲಾಟೆಯ ನೆನಪಿದ್ದವರಿಗೆ ಹೇಳಬೇಕಿಲ್ಲ.

ಇನ್ನೊಂದು ಬಗೆಯ ಪರದೇಶಿಗಳು ಇದೇ ಜಿಲ್ಲೆಯಲ್ಲಿ ಹುಟ್ಟಿಕೊಂಡರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ಮುಳುಗಿತು. ಜನರನ್ನು ಲಾರಿಗಳಲ್ಲಿ ತುಂಬಿ ಜಿಲ್ಲೆಯ ಕಾಡುಗಳಲ್ಲಿ ಇಳಿಸಿದರು. ನಾಡಿಗೆ ಬೆಳಕು ಬಂತು, ಇವರಿಗೆ ಹಕ್ಕುಪತ್ರ ಬರಲಿಲ್ಲ. ಅರ್ಧ ಶತಮಾನದ ಮೇಲೆ ಸರ್ಕಾರ ಅವರಿದ್ದ ಕಾಡನ್ನು ಡಿನೋಟಿಫೈ ಮಾಡಿದರೆ, ಕೇಂದ್ರದ ಒಪ್ಪಿಗೆ ಇಲ್ಲ ಅಂತ 2021ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಗಡಿ ದಾಟದೆಯೇ ವಲಸೆಗಾರರಾದವರು ಇವರು.

ಗಡಿ ದಾಟಿ ಬಂದವರ ಕೇಸನ್ನೂ ನಮ್ಮ ಹೈಕೋರ್ಟು ನೋಡಿದೆ. ಬನವಾಸಿ ದಾಟಿ ಉತ್ತರಕ್ಕೆ ಹೋದರೆ ಸಿಗುವ ಮುಂಡಗೋಡಿನಲ್ಲಿ 1966ರಿಂದ ಟಿಬೆಟ್ಟಿನ ನಿರಾಶ್ರಿತರಿದ್ದಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತದ ಪೌರರು ಅಂತ 2013ರಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು. ಮರುವರ್ಷ ಚುನಾವಣಾ ಆಯೋಗ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು. ರಕ್ತವಲ್ಲ, ಹುಟ್ಟಿದ ನೆಲ. ಸ್ಪೊಕೇನಿನ ವಾದ ತಿರುಗುಮುರುಗಾಗಿ ನಿಂತದ್ದು ಇಲ್ಲಿ.

ಇದೇ ರಾಜ್ಯದಲ್ಲಿ 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಜೋಪಡಿಗಳನ್ನು ಜೆಸಿಬಿ ತಂದು ನೆಲಸಮ ಮಾಡಿದರು. ಇಲ್ಲಿರೋರು ಬಾಂಗ್ಲಾದೇಶಿಗಳು ಅಂತ ನೆವ. ಜೋಪಡಿಯಿಂದ ಆಧಾರ್ ಕಾರ್ಡು ಹಿಡಿದು ಹೊರಬಂದವರಲ್ಲಿ ಅಸ್ಸಾಮಿನವರು, ತ್ರಿಪುರದವರು ಇದ್ದರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಂದ ಬರ ಓಡಿಸಿಕೊಂಡು ಬಂದ ಕನ್ನಡದ ಕೂಲಿಗಳೂ ಇದ್ದರು. ಪಿಯುಸಿಎಲ್‌ನವರು ಕೋರ್ಟಿಗೆ ಹೋದರು. ಫೆಬ್ರವರಿಯಲ್ಲಿ ಹೈಕೋರ್ಟು ಈ ಕೆಡವಿದ್ದು ಕಾನೂನಿಗೆ ವಿರುದ್ಧ, ಜನರಿಗೆ ಪುನರ್ವಸತಿ ಕೊಡಿ ಅಂದಿತು.

ಸೊರಬ, ಶಿಕಾರಿಪುರದ ಕಾಡಂಚಿನಲ್ಲಿ ಕೂತವರ ಮುಂದೆ ಈಗ ಇರುವುದು 2006ರ ಅರಣ್ಯ ಹಕ್ಕು ಕಾನೂನು. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನ ಆಸರೆಯಲ್ಲಿ ಅಲ್ಲೇ ಬಾಳಿದ್ದಕ್ಕೆ ಸಾಕ್ಷಿ ಕೊಡಬೇಕು. ಶರಾವತಿಯಿಂದ ಅರವತ್ತರ ದಶಕದಲ್ಲಿ ತಂದು ಬಿಟ್ಟವರು 1930ರ ಕಾಗದವನ್ನು ಎಲ್ಲಿಂದ ತರಬೇಕು? ಮುಳುಗಿದ ಮನೆಯ ಗೋಡೆಗೂಡಿನಿಂದಲೇ? ನಮ್ಮ ಕೇರಿಯವರ ಹೆಸರನ್ನು ಆ ಕಾಲದಲ್ಲಿ ಯಾವ ಶಾನುಭೋಗ ಬರೆದಿಟ್ಟಿದ್ದ?

ಆದರೆ ಆ ಕಾನೂನಿನ 2008ರ ನಿಯಮಗಳಲ್ಲಿ, 13ನೇ ನಿಯಮದ ಸಾಕ್ಷ್ಯಗಳ ಪಟ್ಟಿಯಲ್ಲಿ, ಅರ್ಜಿದಾರನಲ್ಲದ ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ ಎಂದಿದೆ. ಅರ್ಜಿ ಮೊದಲು ಬರುವುದು ಗ್ರಾಮಸಭೆಯ ಮುಂದೆ, ಕೋರ್ಟಿನ ಮುಂದಲ್ಲ. ಹೇಳಿಕೆ ಬರೆಯಲು ಕರಿಕೋಟು ಬೇಡ, ಅಕ್ಷರ ಬರುವ ಒಂದು ಕೈ ಸಾಕು. ಈ ಪತ್ರಿಕೆ ಓದುವ ಮೇಷ್ಟ್ರುಗಳು, ಕಾಲೇಜು ಹುಡುಗ ಹುಡುಗಿಯರು ಭಾನುವಾರ ಒಂದು ನೋಟುಬುಕ್ಕು ಹಿಡಿದು ಕೇರಿಗೆ ಹೋಗಿ. ಯಾರ ಅಜ್ಜ ಎಲ್ಲಿ ಬೇಲಿ ಹಾಕಿದ, ಯಾವ ಮರದ ಬುಡದಲ್ಲಿ ಯಾರನ್ನು ಮಣ್ಣುಮಾಡಿದರು, ಯಾವ ಹಳ್ಳದ ನೀರು ತಂದು ಕುಡಿದರು, ಕೇಳಿ ಬರೆದುಕೊಳ್ಳಿ. ಹೇಳಿದವರ ಹೆಬ್ಬೆಟ್ಟು ಹಾಕಿಸಿ. ಎಂಬತ್ತು ದಾಟಿದ ಮುದುಕ ಮುದುಕಿಯರ ಮನೆಗೆ ಮೊದಲು ಹೋಗಿ.